ಮುಪ್ಪು, ಪ್ರೋಟೀನು ಮತ್ತು ಹಸಿವು



ಮುಪ್ಪಿನ ಕಾಯಿಲೆಗಳನ್ನು ನಾವು ವಿಭಾಗವಾರು ಹಂಚಿಕೊಂಡಿದ್ದೇವೆ. ಮರೆವಿನ ರೋಗ ನರವಿಜ್ಞಾನಿಗಳ ಪಾಲು, ಸಕ್ಕರೆ ಕಾಯಿಲೆ ಚಯಾಪಚಯ ತಜ್ಞರ ಪಾಲು. ಜೀವಕೋಶದೊಳಗೆ ಈ ಗೋಡೆಗಳಿಲ್ಲ. ಅಲ್ಝೈಮರ್‌ನಲ್ಲಿ ಅಮೈಲಾಯ್ಡ್ ಮತ್ತು ಟೌ, ಪಾರ್ಕಿನ್ಸನ್‌ನಲ್ಲಿ ಆಲ್ಫಾ-ಸಿನ್ಯೂಕ್ಲಿನ್ ಮಿದುಳಿನಲ್ಲಿ ಗಂಟುಗಟ್ಟುತ್ತವೆ. ಟೈಪ್ 2 ಮಧುಮೇಹಿಗಳ ಮೇದೋಜೀರಕ ಗ್ರಂಥಿಯಲ್ಲೂ ಅಮೈಲಿನ್ ಎಂಬ ಪ್ರೋಟೀನು ಹೀಗೆಯೇ ಜಮೆಯಾಗುತ್ತದೆ. ಪ್ರೋಟೀನುಗಳ ನಿರ್ವಹಣೆಯನ್ನೂ ಚಯಾಪಚಯವನ್ನೂ ಒಟ್ಟಿಗೆ ಇಟ್ಟು ನೋಡಬೇಕೆಂಬುದೇ ಈ ವಿಚಾರ ಸಂಕಿರಣದ ಆಶಯ.

ಪ್ರೋಟೀನು ಕೆಲಸಕ್ಕೆ ಬರಬೇಕಾದರೆ ಸರಿಯಾಗಿ ಮಡಚಿಕೊಳ್ಳಬೇಕು. ಮಡಿಕೆ ತಪ್ಪಿದ್ದನ್ನು ಸಹಾಯಕ ಪ್ರೋಟೀನುಗಳಾದ ಶಾಪೆರೋನ್‌ಗಳು ತಿದ್ದುತ್ತವೆ. ತಿದ್ದಲಾಗದ್ದಕ್ಕೆ ಯುಬಿಕ್ವಿಟಿನ್ ಗುರುತು ಬೀಳುತ್ತದೆ, ಪ್ರೋಟಿಯಾಸೋಮ್ ಅದನ್ನು ತುಂಡರಿಸುತ್ತದೆ. ದೊಡ್ಡ ಗಂಟುಗಳು, ಕೆಟ್ಟ ಮೈಟೊಕಾಂಡ್ರಿಯಾಗಳು ಆಟೊಫೇಜಿಯ ಪಾಲಿಗೆ, ಅಂದರೆ ಕೋಶ ತನ್ನದೇ ಸರಕನ್ನು ಕಟ್ಟಿ ಅರಗಿಸಿಕೊಳ್ಳುವ ಕ್ರಿಯೆಯ ಪಾಲಿಗೆ. ವಯಸ್ಸಾದಂತೆ ಈ ವ್ಯವಸ್ಥೆ ಸೊರಗುತ್ತದೆ.

ಆಟೊಫೇಜಿಗೂ ಆಹಾರಕ್ಕೂ ಇರುವ ನಂಟನ್ನು ಜಪಾನಿನ ಜೀವವಿಜ್ಞಾನಿ ಯೋಶಿನೋರಿ ಓಸುಮಿ ಯೀಸ್ಟ್‌ನಲ್ಲಿ ಕಣ್ಣಾರೆ ಕಂಡರು. ಪ್ರೋಟೀನು ಅರಗಿಸುವ ಕಿಣ್ವಗಳಿಲ್ಲದ ಯೀಸ್ಟ್ ತಳಿಯನ್ನು ಅವರು ಉಪವಾಸ ಕೆಡವಿದರು. ಸಾಮಾನ್ಯ ಸೂಕ್ಷ್ಮದರ್ಶಕದ ಅಡಿಯಲ್ಲೇ, ಕೋಶದ ರಸಧಾನಿಯೊಳಗೆ ಪುಟ್ಟ ಪುಟ್ಟ ಗುಂಡುಗಳು ತುಂಬಿಕೊಂಡು ಚುರುಕಾಗಿ ಓಡಾಡತೊಡಗಿದವು. ಹಸಿದ ಕೋಶ ತನ್ನದೇ ಸರಕನ್ನು ಕಟ್ಟಿ ತಂದಿತ್ತು, ಅರಗಿಸಲು ಕಿಣ್ವಗಳಿರಲಿಲ್ಲ. 1992ರಲ್ಲಿ ಪ್ರಕಟವಾದ ಈ ಕೆಲಸದ ಮುಂದುವರಿಕೆಗೆ 2016ರ ನೊಬೆಲ್ ಸಂದಿತು.

ಹಸಿವಿನಲ್ಲಿ ಆಟೊಫೇಜಿ ಚುರುಕಾಗುವುದರ ಹಿಂದಿನ ನಿಯಂತ್ರಣ ಇಂದು ಬಹುಮಟ್ಟಿಗೆ ತಿಳಿದಿದೆ. ಪೋಷಕಾಂಶ ಧಾರಾಳವಾಗಿದ್ದಾಗ ಎಂಟಾರ್ ಎಂಬ ಕೈನೇಸ್ ಕಿಣ್ವ ಬೆಳವಣಿಗೆಗೆ ಒತ್ತುಕೊಟ್ಟು ಆಟೊಫೇಜಿಯನ್ನು ತಡೆಯುತ್ತದೆ. ಶಕ್ತಿ ಕುಗ್ಗಿದಾಗ ಎಎಂಪಿಕೆ ಎಂಬ ಇನ್ನೊಂದು ಕಿಣ್ವ ಆ ತಡೆಯನ್ನು ಸಡಿಲಿಸುತ್ತದೆ. ಎಂಟಾರ್‌ಗೆ ಕಡಿವಾಣ ಹಾಕುವ ರಾಪಾಮೈಸಿನ್ ಅನ್ನು 600 ದಿನ ತುಂಬಿದ ಮುದಿ ಇಲಿಗಳಿಗೆ ಕೊಟ್ಟಾಗಲೂ ಅವುಗಳ ಆಯುಷ್ಯ ಹೆಚ್ಚಿತೆಂದು 2009ರಲ್ಲಿ ವರದಿಯಾಯಿತು.

ಇಲ್ಲಿ ಅವಸರ ಸಲ್ಲದು. ಮೂತ್ರಪಿಂಡ ಕಸಿಯಾದವರಿಗೆ ರೋಗನಿರೋಧಕ ಶಕ್ತಿ ತಗ್ಗಿಸಲು ಕೊಡುವುದೂ ಇದೇ ಔಷಧಿಯನ್ನೇ. ಬೆಳೆದು ನಿಂತ ಕ್ಯಾನ್ಸರ್ ಕೋಶ ಬದುಕುಳಿಯಲು ಆಟೊಫೇಜಿಯನ್ನೇ ಆಶ್ರಯಿಸಬಲ್ಲದು. ಸ್ನಾಯು ಕರಗುತ್ತಿರುವ ವೃದ್ಧರಿಗೆ ಉಪವಾಸವೇ ಮದ್ದೆಂದು ಹೇಳುವುದು ಅಪಾಯ. ಯಾವ ಅಂಗದಲ್ಲಿ, ಯಾವ ವಯಸ್ಸಿನಲ್ಲಿ, ಎಷ್ಟರಮಟ್ಟಿಗೆ ಎಂಬ ಪ್ರಶ್ನೆಗಳನ್ನು ಬಿಟ್ಟು ಚಿಕಿತ್ಸೆಯ ಮಾತಾಡುವಂತಿಲ್ಲ.

ಉತ್ತರ ಹುಡುಕಲು ನಮ್ಮಲ್ಲೇ ನೆಲೆಯಿದೆ. ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದಲ್ಲಿರುವ ಮಿದುಳು ಸಂಶೋಧನಾ ಕೇಂದ್ರವು ಕೋಲಾರ ಜಿಲ್ಲೆಯ ಶ್ರೀನಿವಾಸಪುರದಲ್ಲಿ 45 ದಾಟಿದ ಗ್ರಾಮೀಣರ ಆರೋಗ್ಯವನ್ನು ದೀರ್ಘಕಾಲ ಗಮನಿಸುವ ಅಧ್ಯಯನ ಕೈಗೊಂಡಿದೆ. ಇಂಥ ಕಡೆ ಒಬ್ಬರದೇ ರಕ್ತದಲ್ಲಿ ಸಕ್ಕರೆ, ಇನ್ಸುಲಿನ್, ಟೌ ಎಲ್ಲವನ್ನೂ ವರ್ಷಗಟ್ಟಲೆ ಒಟ್ಟಿಗೆ ಅಳೆದರೆ, ಯಾವುದು ಮೊದಲು ಏರುಪೇರಾಗುತ್ತದೆಂದು ತಿಳಿದೀತು.

ಈ ಎರಡು ದಿನ ಪ್ರೋಟೀನಿನ ಗೋಷ್ಠಿಗೆ ಚಯಾಪಚಯದವರೂ, ಚಯಾಪಚಯದ ಗೋಷ್ಠಿಗೆ ಪ್ರೋಟೀನಿನವರೂ ತಪ್ಪದೆ ಬರಬೇಕು, ಪ್ರಶ್ನೆ ಕೇಳಬೇಕು. ಹೊರಡುವ ಮುನ್ನ ಜಂಟಿ ಅಧ್ಯಯನವೊಂದರ ಕರಡಾದರೂ ಸಿದ್ಧವಾಗಲಿ ಎಂದು ಆಶಿಸುತ್ತೇನೆ.