ಕಲ್ಲಿನೆಣ್ಣೆಯ ಏಳುಬೀಳು

ಕಡಲಾಚೆಯಿಂದ ಬಂದ ವಸ್ತುಗಳಿಗೆ ನಮ್ಮ ಹಿರಿಯರು ‘ಸೀಮೆ’ ಎಂಬ ಮಾತು ಸೇರಿಸಿ ಹೆಸರಿಟ್ಟರು. ಸೀಮೆಸುಣ್ಣ, ಸೀಮೆಹಸು, ಸೀಮೆಎಣ್ಣೆ. ನಾನು ಹುಡುಗನಾಗಿದ್ದಾಗ ಬುಡ್ಡಿದೀಪಕ್ಕೆ ಸುರಿಯುತ್ತಿದ್ದ ಆ ಎಣ್ಣೆಯ ಮೂಲ ನೆಲದೊಳಗಿನ ಬಾವಿ. ಆದರೆ ಅದನ್ನು ಬಾವಿಯಿಂದಲ್ಲ, ಕಲ್ಲಿನಿಂದ ಇಳಿಸಿದ ನಾಡೊಂದುಂಟು. ಅದು ಸ್ಕಾಟ್ಲೆಂಡ್. ಅಲ್ಲಿಯ ಉದ್ಯಮ ನೂರು ವರ್ಷಕ್ಕೂ ಮಿಗಿಲಾಗಿ ಬಾಳಿ, ಕಲ್ಲು ಮುಗಿಯುವ ಮೊದಲೇ ತಾನು ಮುಗಿಯಿತು. ಏಕೆ ಮುಗಿಯಿತೆಂಬುದು ಇಂದಿಗೂ ವಿಚಾರ ಮಾಡತಕ್ಕ ಸಂಗತಿ.

ಗ್ಲಾಸ್ಗೋ ನಗರದಲ್ಲಿ ಹುಟ್ಟಿದ ರಸಾಯನಶಾಸ್ತ್ರಜ್ಞ ಜೇಮ್ಸ್ ಯಂಗ್, ಕಲ್ಲಿದ್ದಲಿನಿಂದ ಎಣ್ಣೆ ತೆಗೆಯುವ ಕ್ರಮಕ್ಕೆ 1850ರಲ್ಲಿ ಪೇಟೆಂಟು ಪಡೆದು, ಮರುವರ್ಷ ಬಾತ್‌ಗೇಟ್ ಎಂಬಲ್ಲಿ ಕಾರ್ಖಾನೆ ತೆರೆದನು. ಆ ಕಲ್ಲಿದ್ದಲು ವಿರಳವಾದಾಗ ಅದೇ ಪ್ರದೇಶದ ಶೇಲ್ ಎಂಬ ಪದರುಗಲ್ಲು ಒದಗಿತು. ಈ ಕಲ್ಲಿನಲ್ಲಿ ಎಣ್ಣೆಯು ಎಣ್ಣೆಯಾಗಿ ಇರುವುದಿಲ್ಲ. ಪುರಾತನ ಜೀವಿಗಳ ಅವಶೇಷವು ಕಲ್ಲಿನೊಡನೆ ಬೆರೆತಿರುತ್ತದೆ. ಕಲ್ಲನ್ನು ಅಗೆದು, ಒಡೆದು, ಭಟ್ಟಿಯಲ್ಲಿ ಕಾಯಿಸಬೇಕು. ಆಗ ಏಳುವ ಆವಿ ತಣಿದರೆ ಎಣ್ಣೆ. ಒಂದು ಟನ್ ಕಲ್ಲಿಗೆ ಇಪ್ಪತ್ತು, ಮೂವತ್ತು ಗ್ಯಾಲನ್ ಸಿಕ್ಕರೆ ಹೆಚ್ಚು. ಸುಟ್ಟು ಉಳಿದ ಕಲ್ಲು ಊರ ಪಕ್ಕದಲ್ಲೇ ಗುಡ್ಡವಾಯಿತು. ಬೆಟ್ಟ ಅಗೆದು ಇಲಿ ಹಿಡಿದ ಗಾದೆ ನಮ್ಮಲ್ಲಿದೆ. ಇವರು ಎಣ್ಣೆ ಹಿಡಿಯಹೋಗಿ ಬೆಟ್ಟವನ್ನೇ ಕಟ್ಟಿದರು!

1859ರಲ್ಲಿ ಅಮೆರಿಕದ ಪೆನ್ಸಿಲ್ವೇನಿಯದಲ್ಲಿ ಡ್ರೇಕ್ ಎಂಬಾತ ಕೊರೆದ ಬಾವಿಯಲ್ಲಿ ಎಣ್ಣೆ ಸಿಕ್ಕಿತು. ಕಲ್ಲು ಕಾಯಿಸುವ ಖರ್ಚಿಲ್ಲದ ಎಣ್ಣೆ ಹಡಗೇರಿ ಬಂದಾಗ ಸ್ಕಾಟ್ಲೆಂಡಿನ ಎಣ್ಣೆ ತತ್ತರಿಸಿತು. ಮೇಣದಬತ್ತಿಯ ಮೇಣ ಮತ್ತು ಅಮೋನಿಯಂ ಸಲ್ಫೇಟ್ ಗೊಬ್ಬರ, ಈ ಉಪಪದಾರ್ಥಗಳೇ ಅದನ್ನು ಕಾಪಾಡಿದವು. 1913ರಲ್ಲಿ ಮೂವತ್ತು ಲಕ್ಷ ಟನ್ನಿಗೂ ಹೆಚ್ಚು ಕಲ್ಲು ತೆಗೆದರು. ಸುಮಾರು ಹತ್ತು ಸಾವಿರ ಮಂದಿಗೆ ಅದೇ ಅನ್ನ. ಆಮೇಲೆ ಪರ್ಷಿಯದ ಅಗ್ಗದ ತೈಲ ಬಂತು. 1919ರಲ್ಲಿ ಕಂಪನಿಗಳೆಲ್ಲ ಒಂದುಗೂಡಿ ಆಂಗ್ಲೋ-ಪರ್ಷಿಯನ್ ಕಂಪನಿಯ ಆಶ್ರಯ ಸೇರಿದವು. ಸರ್ಕಾರದ ಸುಂಕದ ರಿಯಾಯಿತಿಯಿಂದ ಕೆಲಕಾಲ ಉಸಿರಾಡಿದ ಉದ್ಯಮ 1962ರಲ್ಲಿ ನಿಂತಿತು.

ಇಂದು ಶೇಲ್ ಎಂದರೆ ನೆನಪಾಗುವುದು ಅಮೆರಿಕ. ಟೆಕ್ಸಾಸ್, ಉತ್ತರ ಡಕೋಟಗಳ ಕಲ್ಲಿನಲ್ಲಿ ಎಣ್ಣೆಯು ಎಣ್ಣೆಯಾಗಿಯೇ ಅಡಗಿದೆ, ಕಾಯಿಸಬೇಕಿಲ್ಲ. ಆಳಕ್ಕೆ ಕೊರೆದು, ಅಡ್ಡಕ್ಕೆ ತಿರುಗಿಸಿ, ನೀರು ಮರಳುಗಳನ್ನು ಒತ್ತಡದಿಂದ ನುಗ್ಗಿಸಿ ಕಲ್ಲನ್ನು ಬಿರಿಯಿಸುತ್ತಾರೆ. ಇದರ ಬಲದಿಂದ 2018ರಲ್ಲಿ ಆ ದೇಶ ತೈಲೋತ್ಪಾದನೆಯಲ್ಲಿ ಪ್ರಪಂಚಕ್ಕೇ ಮೊದಲಾಯಿತು. ಆದರೆ ಇಂಥ ಬಾವಿಯ ಇಳುವರಿ ಸಾಮಾನ್ಯವಾಗಿ ಮೊದಲ ವರ್ಷದಲ್ಲೇ ಅರ್ಧಕ್ಕಿಂತ ಹೆಚ್ಚು ಕುಸಿಯುತ್ತದೆ. ಇದ್ದಷ್ಟು ಉಳಿಸಿಕೊಳ್ಳಲು ಹೊಸ ಬಾವಿ ಕೊರೆಯುತ್ತಲೇ ಇರಬೇಕು. ಕೊರೆಯಲು ಸಾಲ ಬೇಕು. ಸಾಲ ತೀರಲು ಬೆಲೆ ನಿಲ್ಲಬೇಕು. ಕೋವಿಡ್ ಕಾಲದಲ್ಲಿ, 2020ರ ಏಪ್ರಿಲ್ 20ರಂದು, ಅಮೆರಿಕದ ತೈಲದ ವಾಯಿದೆ ಬೆಲೆ ಸೊನ್ನೆಗಿಂತ ಕೆಳಗಿಳಿಯಿತು. ಆ ವರ್ಷ ಹಲವು ಶೇಲ್ ಕಂಪನಿಗಳು ದಿವಾಳಿಯಾದವು.

ನೆಲದಲ್ಲಿ ಎಷ್ಟಿದೆಯೆಂಬುದು ಒಂದು ಲೆಕ್ಕ. ತೆಗೆದರೆ ಏನು ಮಿಗುತ್ತದೆಯೆಂಬುದು ಇನ್ನೊಂದು. ಉದ್ಯಮದ ಆಯುಸ್ಸನ್ನು ನಿರ್ಣಯಿಸುವುದು ಎರಡನೆಯದೇ. ತನಗೆ ಬೇಕಾದ ಕಚ್ಚಾತೈಲದಲ್ಲಿ ನೂರಕ್ಕೆ ಎಂಬತ್ತೈದು ಪಾಲಿಗೂ ಹೆಚ್ಚನ್ನು ಹೊರಗಿನಿಂದ ತರಿಸುವ ನಮ್ಮ ದೇಶಕ್ಕೂ ಈ ಲೆಕ್ಕ ಪರರ ಮನೆಯದಲ್ಲ. ಸ್ಕಾಟ್ಲೆಂಡಿನ ಆ ಕೆಂಪು ಗುಡ್ಡಗಳ ಮೇಲೆ ಈಗ ಹುಲ್ಲು, ಗಿಡ ಹಬ್ಬಿವೆ. ಅವುಗಳಲ್ಲಿ ‘ಪಂಚ ಸೋದರಿಯರು’ ಎಂಬ ಐದು ದಿಬ್ಬಗಳನ್ನು ಸ್ಮಾರಕವೆಂದು ರಕ್ಷಿಸಿದ್ದಾರೆ. ಕೆಳಗೆ ಶೇಲ್ ಕಲ್ಲು ಇನ್ನೂ ಇದೆ, ತೆಗೆಯುವವರಿಲ್ಲ.