ಕೆಲವರ ಮಾತು ಹಲವರ ಮಾತಾಗುವ ಬಗೆ



ಸಕಲೇಶಪುರದಿಂದ ಸುಬ್ರಹ್ಮಣ್ಯದ ಕಡೆಗೆ ಘಟ್ಟ ಇಳಿಯುವ ರೈಲು ಎಡಕುಮೇರಿಯನ್ನು ದಾಟುವಾಗ ಸುತ್ತಲೂ ದಟ್ಟ ಮಳೆಕಾಡು, ಕೆಳಗೆ ಕೆಂಪುಹೊಳೆ. ಗುಂಡ್ಯ ಹೊಳೆಯ ಈ ಕಣಿವೆಯಲ್ಲಿ ಕೆಲವೇ ಹಳ್ಳಿಗಳ ಮಾತು ನಾಡಿನ ಚರ್ಚೆಯಾಯಿತು. ಕೆಲವರ ಮಾತು ಹಲವರನ್ನು ಮುಟ್ಟುವುದು ಹೇಗೆ? ಇದೇ ಇಂದಿನ ವಿಷಯ.

ಫ್ರಾನ್ಸಿನ ಮನೋವಿಜ್ಞಾನಿ ಸರ್ಜ್ ಮಾಸ್ಕೊವಿಸಿ ಮತ್ತು ಸಂಗಡಿಗರು 1969ರಲ್ಲಿ ಒಂದು ಪ್ರಯೋಗವನ್ನು ಪ್ರಕಟಿಸಿದರು. ಆರು ಮಂದಿಯ ಗುಂಪಿಗೆ ನೀಲಿ ಚಿತ್ರಗಳನ್ನು ತೋರಿಸಿ ಬಣ್ಣ ಯಾವುದೆಂದು ಕೇಳಲಾಯಿತು. ಇಬ್ಬರಿಗೆ ‘ಹಸಿರು’ ಎನ್ನುವಂತೆ ಮೊದಲೇ ಹೇಳಿಕೊಡಲಾಗಿತ್ತು. ಅವರು ಪ್ರತಿ ಸಲವೂ ಹಾಗೆಯೇ ಹೇಳಿದಾಗ ಉಳಿದವರ ಉತ್ತರಗಳಲ್ಲಿ ಸುಮಾರು ಶೇ. 8.4ರಷ್ಟು ‘ಹಸಿರು’ ಆದವು. ಅವರೇ ಮಾತು ಬದಲಿಸುತ್ತಿದ್ದಾಗ ಶೇ. 1.25 ಮಾತ್ರ. ಸಂಖ್ಯೆ ಚಿಕ್ಕದಾದರೂ ಮಾತು ದೃಢವಾಗಿದ್ದರೆ ಕೇಳುವವರು ಯೋಚಿಸುತ್ತಾರೆ. ಆದರೆ ಗಮನಿಸಿ, ಅಲ್ಲಿ ದೃಢವಾಗಿದ್ದದ್ದು ತಪ್ಪು ಮಾತು! ದೃಢತೆಯ ಜೊತೆಗೆ ಆಧಾರವೂ ಬೇಕು.

2009ರಲ್ಲಿ ಗುಂಡ್ಯ ಜಲವಿದ್ಯುತ್ ಯೋಜನೆಗೆ ಶಂಕುಸ್ಥಾಪನೆಯಾಯಿತು. ನಾಡಿಗೆ ವಿದ್ಯುತ್ ಬೇಕು ಎಂಬುದು ನ್ಯಾಯವಾದ ಮಾತೇ. ಆದರೆ ಕಾಡು, ಗದ್ದೆ, ತೋಟಗಳು ಹೋಗುತ್ತವೆ ಎಂದು ಕಣಿವೆಯ ಹಳ್ಳಿಯವರೂ ಪರಿಸರಾಸಕ್ತರೂ ಬಿಡದೆ ಹೇಳುತ್ತ ಬಂದರು. ಅವರ ಮಾತಿಗೆ ಆಧಾರವಿತ್ತು. ಇದು ಅಪರೂಪದ ಜೀವಿಗಳ ನೆಲೆ. 1986ರಲ್ಲಿ ವಿಜ್ಞಾನಕ್ಕೆ ಪರಿಚಯವಾದ ‘ಇಂಡಿರಾನಾ ಗುಂಡಿಯ’ ಎಂಬ ಕಪ್ಪೆ ಈ ನೆಲದ ಹೆಸರನ್ನೇ ಹೊತ್ತಿದೆ. ಮಾಧವ ಗಾಡ್ಗೀಳ್ ಅಧ್ಯಕ್ಷತೆಯ ತಜ್ಞರ ಸಮಿತಿ ಕಣಿವೆಗೆ ಬಂದು ಜನರನ್ನು ಕೇಳಿತು. ಯೋಜನೆಗೆ ಅನುಮತಿ ಬೇಡವೆಂದು 2011ರ ವರದಿಯಲ್ಲಿ ಹೇಳಿತು. ಅಣೆಕಟ್ಟು ಏಳಲಿಲ್ಲ.

ಕಥೆ ಇಲ್ಲಿಗೇ ಮುಗಿಯುವುದಿಲ್ಲ. ಅದೇ ವರದಿ ಪಶ್ಚಿಮ ಘಟ್ಟವನ್ನು ಸೂಕ್ಷ್ಮ ವಲಯಗಳಾಗಿ ವಿಂಗಡಿಸಲು ಸೂಚಿಸಿದಾಗ ಮಲೆನಾಡಿನ ಅನೇಕ ಹಳ್ಳಿಗಳು ಪ್ರತಿಭಟಿಸಿದವು. ವಲಯದ ವಿಚಾರವನ್ನು ಗ್ರಾಮಸಭೆಗಳಲ್ಲಿ, ಜನರ ಭಾಷೆಯಲ್ಲಿ ಚರ್ಚಿಸಬೇಕೆಂಬುದು ಗಾಡ್ಗೀಳರ ಆಶಯವಾಗಿತ್ತು. ಆದರೆ ಹಲವು ಊರುಗಳಿಗೆ ಮೊದಲು ತಲುಪಿದ್ದು ವಿಚಾರವಲ್ಲ, ಮನೆ ಮಠ ಬಿಡಬೇಕಾದೀತೆಂಬ ಭಯ. ನಂತರ ಬಂದ 2013ರ ಕಸ್ತೂರಿರಂಗನ್ ವರದಿಯನ್ನೂ ರಾಜ್ಯ ಸಚಿವ ಸಂಪುಟ 2024ರ ಸೆಪ್ಟೆಂಬರ್‌ನಲ್ಲಿ ತಿರಸ್ಕರಿಸಿತು.

ಒಂದೇ ಕಾಡು, ಅದೇ ಜನ. ಒಮ್ಮೆ ಕಾಡಿನ ಪರವಾಗಿ ನಿಂತವರು ಇನ್ನೊಮ್ಮೆ ಅದರ ರಕ್ಷಣೆಯ ನಿಯಮಕ್ಕೆ ಅಂಜಿದರೆ, ಅದು ಚಂಚಲತೆಯಲ್ಲ. ಮೊದಲನೆಯದು ಅವರೊಳಗಿಂದ ಹುಟ್ಟಿದ ಮಾತು. ಎರಡನೆಯದು ಮೇಲಿನಿಂದ ಇಳಿದ ಆಜ್ಞೆಯಂತೆ ಕಂಡಿತು. ಆಜ್ಞೆಗೆ ಜನ ಮಣಿಯಬಹುದು. ಆದರೆ ಕಾವಲು ಸರಿದೊಡನೆ ಹಳೆಯ ರೂಢಿ ಮರಳುತ್ತದೆ. ಮನಸ್ಸು ಒಪ್ಪಿದ ಬದಲಾವಣೆಗೆ ಕಾವಲು ಬೇಡ.

ನಿಮ್ಮ ಊರಿನ ಕೆರೆಗೆ ಕಸ ಸುರಿಯುವುದು ತಪ್ಪೆಂದು ನಿಮಗೆ ಅನ್ನಿಸಿದರೆ, ಹೇಳುವವರು ಇಬ್ಬರೇ ಎಂದು ಹಿಂಜರಿಯಬೇಡಿ. ಆಧಾರ ಕೂಡಿಸಿ, ಮಾತು ಬದಲಿಸದೆ ಹೇಳಿ. ಎದುರಿನವರ ಕಷ್ಟವನ್ನೂ ಕಿವಿಗೊಟ್ಟು ಕೇಳಿ. ಇಬ್ಬರು ನಾಲ್ವರಾಗುವುದು ಹಾಗೆಯೇ.