ಒಂದಕ್ಕೆ ಬಿಸಿಲು, ಇನ್ನೊಂದಕ್ಕೆ ಕತ್ತಲೆ

ಪುಣೆಯ ನನ್ನ ಬಾಲ್ಕನಿಯಲ್ಲಿ ಎರಡು ಕುಂಡಗಳಿವೆ. ಒಂದು ಮೆಕ್ಸಿಕೊ ಮೂಲದ ಪಾಯಿನ್ಸೆಟಿಯಾ, ಇನ್ನೊಂದು ಮಡಗಾಸ್ಕರ್ ಮೂಲದ ಕ್ರೌನ್ ಆಫ್ ಥಾರ್ನ್ಸ್. ಎರಡೂ ಯೂಫೋರ್ಬಿಯಾ, ಅಂದ್ರೆ ನಮ್ಮೂರ ಬೇಲಿಯ ಕಳ್ಳಿಗೆ ನೆಂಟರು. ನಾವು ಹೂವಿನ ದಳ ಅನ್ನೋದು ಎರಡರಲ್ಲೂ ಬಣ್ಣ ಬಂದ ಎಲೆ. ನಿಜವಾದ ಹೂವು ನಡುವೆ ಪುಟ್ಟದಾಗಿರುತ್ತೆ.

ಆರೈಕೆ ಮಾತ್ರ ಬೇರೆ. ಮುಳ್ಳಿನ ಗಿಡಕ್ಕೆ ದಿನಾ 4-5 ಗಂಟೆ ನೇರ ಬಿಸಿಲು ಬೇಕು. ಕಾಂಡದಲ್ಲೇ ನೀರು ಕೂಡಿಟ್ಟುಕೊಳ್ಳುತ್ತೆ. ಮಣ್ಣು ಒಣಗಿದ ಮೇಲಷ್ಟೇ ನೀರು ಹಾಕಿ. ದಸರಾಕ್ಕೆ ಹತ್ತು ದಿನ ಊರಿಗೆ ಹೋಗಿ ಬಂದರೂ ಅದಕ್ಕೇನೂ ಆಗಲ್ಲ. ದಿನಾ ನೀರು ಸುರಿದರೆ ಬೇರು ಕೊಳೆಯುತ್ತೆ.

ಪಾಯಿನ್ಸೆಟಿಯಾ ಹಾಗಲ್ಲ. ಮಣ್ಣು ಒಣಗಿದರೂ ಎಲೆ ಉದುರುತ್ತೆ, ನೀರು ನಿಂತರೂ ಉದುರುತ್ತೆ. ಅದು ಕೆಂಪಾಗೋಕೆ ಕತ್ತಲೆಯೂ ಬೇಕು: ಅಕ್ಟೋಬರ್‌ನಿಂದ 6-8 ವಾರ, ದಿನಾ ಸುಮಾರು 14 ಗಂಟೆ. ನೈಟ್ ಶಿಫ್ಟ್ ಇರೋ ನಮ್ಮ ಮನೆಗಳಲ್ಲಿ ಲೈಟ್ ಆರೋದೇ ಇಲ್ಲ. ಹಾಗಾಗಿ ನಾನು ಸಂಜೆ 6ಕ್ಕೆ ರಟ್ಟಿನ ಡಬ್ಬ ಕವುಚಿ, ಬೆಳಿಗ್ಗೆ 8ಕ್ಕೆ ತೆಗೀತೀನಿ. ಹಗಲಲ್ಲಿ ಒಳ್ಳೆ ಬೆಳಕು ಬೇಕೇ ಬೇಕು.

ಕ್ರಿಸ್‌ಮಸ್ ಮುಗಿದು ಎಲೆ ಉದುರಿದಾಗ, ಸತ್ತೇಹೋಯ್ತು ಅಂತ ಎಸೀಬೇಡಿ. ಅದು ವರ್ಷಗಟ್ಟಲೆ ಬದುಕೋ ಪೊದೆ. ಮಾರ್ಚ್‌ನಲ್ಲಿ ಒಂದು ಗೇಣು ಬಿಟ್ಟು ಕತ್ತರಿಸಿ, ಮತ್ತೆ ಚಿಗುರುತ್ತೆ. ಎರಡರ ಹಾಲೂ ಚರ್ಮ, ಕಣ್ಣು ಉರಿಸುತ್ತೆ. ಕೈಗವಸು ಹಾಕ್ಕೊಳ್ಳಿ, ಮಕ್ಕಳನ್ನ ದೂರವಿಡಿ.

ಪದೇ ಪದೇ ಊರಿಗೆ ಹೋಗೋರು ಮುಳ್ಳಿನದನ್ನ ತನ್ನಿ. ದಿನಾ ಒಬ್ಬರಾದರೂ ಮನೇಲಿರ್ತೀರಾ? ಹಾಗಾದ್ರೆ ಪಾಯಿನ್ಸೆಟಿಯಾ ತನ್ನಿ.